ಎಲ್ಲ ಪುಟದಲ್ಲೂ ಐವತ್ತು

ಬೆಳಗ್ಗೆ ಹತ್ತು ಗಂಟೆಗೆ ದ್ವೀಪದ ಠಾಣೆಗೆ ಕೊನ್ಸೊರ್ಸಿಯಾ ಎಂಬ ಹೆಂಗಸು ಬಂದು ದೂರು ಕೊಟ್ಟಳು. ಹಿಂದಿನ ದಿನ ಅವಳ ಕಿರಿಯ ಮಗ ರನುಲ್ಫೊ ಡೈವ್ ಗೈಡ್ ಆಗಿ ಮೊದಲ ಬಾರಿ ಕೆಲಸಕ್ಕೆ ಹೋಗಿದ್ದ. ಪ್ರವಾಸಿಯೊಬ್ಬನ ಕೈಜಾರಿದ ಕ್ಯಾಮೆರಾ ಮೇಲಕ್ಕೆ ತೇಲಿದಾಗ, ಅದರ ಹಿಂದೆ ರನುಲ್ಫೊ ಮೂವತ್ತು ಮೀಟರ್ ಆಳದಿಂದ ಸರ್ರನೆ ಎದ್ದುಬಂದು ದೋಣಿಯಲ್ಲೇ ಸತ್ತಿದ್ದ. ಡೈವ್ ದೋಣಿಯ ಮಾಲೀಕ ಬೆನಿಗ್ನೊ ಸಿಲಿಂಡರಿಗೆ ಕೆಟ್ಟ ಗಾಳಿ ತುಂಬಿಸಿದ್ದನೆಂಬುದು ತಾಯಿಯ ಆರೋಪ.

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಎಲ್ವೀರಾ ಲುಮಯಾಗ್ ದೋಣಿಯ ಪಂಚನಾಮೆ ಮಾಡಿಸಿದಳು. ಪರೀಕ್ಷೆಯಲ್ಲಿ ಗಾಳಿ ಶುದ್ಧವಾಗಿತ್ತು. ಆಳದ ಒತ್ತಡದಿಂದ ನಿಧಾನವಾಗಿ ಏರದೆ ವೇಗವಾಗಿ ಮೇಲೆದ್ದದ್ದೇ ಸಾವಿಗೆ ಕಾರಣವೆಂದು ವೈದ್ಯರು ಬರೆದರು.

ದೂರಿನ ಮೇಲೆ ಹಿಡಿದು ತಂದಿದ್ದ ಬೆನಿಗ್ನೊ ಲಾಕಪ್ಪಿನಲ್ಲಿ ಅತ್ತಿತ್ತ ನಡೆಯುತ್ತಲೇ ಇದ್ದ. "ಅವನ ಲಾಗ್ ಪುಸ್ತಕದಲ್ಲಿ ನಲವತ್ತು ಡೈವ್ ಇತ್ತು ಮ್ಯಾಮ್. ಅದನ್ನ ನೋಡೇ ಕೆಲಸ ಕೊಟ್ಟೆ. ಮುಖ ನೋಡಿ ಕೊಡೋ ಹಾಗಿದ್ರೆ ನಿಮ್ಮ ಕಾನ್‌ಸ್ಟೇಬಲ್‌ಗೂ ಕೊಡ್ತಿದ್ದೆ."

"ನಂಗೆ ಈಜೇ ಬರಲ್ಲ," ಎಂದ ಕಾನ್‌ಸ್ಟೇಬಲ್ ತಿಬುರ್ಸಿಯೊ.

ಎಲ್ವೀರಾ ಸ್ವತಃ ಡೈವ್ ಮಾಡುವವಳು. ರನುಲ್ಫೊನ ಪುಸ್ತಕದ ಪಕ್ಕದಲ್ಲಿ ತನ್ನದನ್ನೂ ಬಿಡಿಸಿಟ್ಟಳು. ಎಷ್ಟು ಆಳ, ಎಷ್ಟು ಹೊತ್ತು, ಮೇಲೆ ಬಂದಾಗ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿತ್ತು, ಕೊನೆಗೆ ಜೊತೆಗಾರನ ಸಹಿ. ತನ್ನ ಉಸಿರಿನ ಲೆಕ್ಕ ತನಗೇ ತಿಳಿಯಲೆಂದು ಡೈವರ್ ಇದನ್ನು ಬರೆಯುತ್ತಾನೆ. ಅವನನ್ನು ಆಳಕ್ಕೆ ಕಳಿಸುವವರು ಇದನ್ನೇ ನಂಬುತ್ತಾರೆ. ಅವಳ ಪುಸ್ತಕದಲ್ಲಿ ಉಳಿದ ಗಾಳಿ, ಒತ್ತಡಮಾಪಕದ ಲೆಕ್ಕದಲ್ಲಿ, ಒಂದು ದಿನ ತೊಂಬತ್ತು, ಸೆಳೆತವಿದ್ದ ದಿನ ನಲವತ್ತು. ರನುಲ್ಫೊನದರಲ್ಲಿ ಎಲ್ಲ ಪುಟದಲ್ಲೂ ಐವತ್ತು. ಸಹಿಗಳೆಲ್ಲ ಅವನ ಅಣ್ಣ, ಡೈವ್ ಶಿಕ್ಷಕ ಗೌಡೆನ್ಸಿಯೊನವು.

ಅವನನ್ನು ಕರೆಸಲಾಯಿತು.

"ನಿನ್ನ ತಮ್ಮ ಒಂದು ದಿನಾನೂ ಹೆದರಿ ಜೋರಾಗಿ ಉಸಿರಾಡ್ಲಿಲ್ವಾ?"

"ಅವನು ಹೆದರೋನಲ್ಲ ಮ್ಯಾಮ್."

"ಸೆಳೆತ ಇದ್ದಾಗ್ಲೂ ಐವತ್ತೇ ಉಳೀತಾ?"

ಗೌಡೆನ್ಸಿಯೊ ಕುರ್ಚಿಯ ಅಂಚಿಗೆ ಸರಿದ.

"ನಿಜವಾಗಿ ಎಷ್ಟು ಡೈವ್ ಮಾಡಿದ್ದ?"

"ಸಿಲಿಂಡರ್ ಹೊತ್ತು ಇಳಿದಿದ್ದು ಮೂರೇ ಸಲ. ಆದ್ರೆ ಚಿಕ್ಕಂದಿನಿಂದ ಕಂಪ್ರೆಸರ್ ದೋಣೀಲಿ ಇದ್ದ. ನೀರು ಅವನಿಗೆ ಹೊಸದಲ್ಲ ಅಂದ್ಕೊಂಡೆ."

ಆ ದೋಣಿಗಳಲ್ಲಿ ಮೀನುಗಾರರು ಮೇಲಿನ ಯಂತ್ರದಿಂದ ಬರುವ ಪೈಪನ್ನು ಬಾಯಲ್ಲಿ ಕಚ್ಚಿ ಇಳಿಯುತ್ತಾರೆ. ಬಲೆ ತುಂಬಿದರೆ ಒಂದೇ ಏಟಿಗೆ ಮೇಲೆ. ಆಳವನ್ನಾಗಲಿ ಹೊತ್ತನ್ನಾಗಲಿ ಯಾರೂ ಬರೆಯುವುದಿಲ್ಲ. ರನುಲ್ಫೊನ ಮೈಗೆ ಅದೊಂದೇ ರೂಢಿ.

ಸಂಜೆ ಬೆನಿಗ್ನೊನನ್ನು ಬಿಟ್ಟು ಗೌಡೆನ್ಸಿಯೊನನ್ನು ಬಂಧಿಸಲಾಯಿತು. ಕೊನ್ಸೊರ್ಸಿಯಾ ಲಾಕಪ್ಪಿನ ಬಾಗಿಲಿಗೆ ಅಡ್ಡ ನಿಂತಳು.

"ಇವನನ್ನೂ ಕರ್ಕೊಂಡು ಹೋಗ್ತೀರಾ?"

"ಹೌದು, ನಾನಾಯ್," ಎಂದು ಎಲ್ವೀರಾ ಅವಳನ್ನು ಅಮ್ಮ ಎಂದೇ ಕರೆದಳು.

ಗೌಡೆನ್ಸಿಯೊನ ಹೇಳಿಕೆ ಅರ್ಧ ಪುಟ. ಅಂಥದೇ ಪೈಪು ಕಚ್ಚಿ ಇಳಿದು ಸರ್ರನೆ ಮೇಲೆ ಬಂದ ಅಪ್ಪನಿಗೆ ಮತ್ತೆ ಕಾಲಾಡಲಿಲ್ಲ. ಚಾಪೆಯ ಮೇಲೇ ಸತ್ತ. ಈ ಸಲವೂ ಕಂಪ್ರೆಸರ್ ದೋಣಿಯವರು ತಮ್ಮನಿಗೆ ಕೆಲಸಕ್ಕೆ ಬಾ ಎಂದು ಹೇಳಿಕಳಿಸಿದ್ದರು. ಅವನು ಅದನ್ನು ಹತ್ತದೆ ಗೈಡ್ ಕೆಲಸ ಹಿಡಿಯಲೆಂದು ಅಣ್ಣ ಒಂದೇ ಸಲ ಕೂತು ಲಾಗ್ ಪುಸ್ತಕದ ಅಷ್ಟೂ ಪುಟ ಬರೆದಿದ್ದ.