ಹಲಗೆಯಡಿ ಕೇಳಿದ ದನಿ

ಬ್ಯಾಟರಿ ಗರಗಸ ನೆಲದ ಹಲಗೆಯೊಳಗೆ ಇಳಿದಿದ್ದಾಗ ಕಲೀಸಿಯ ಭುಜವನ್ನು ಯಾರೋ ಮುಟ್ಟಿದರು.

ಅವಳು ಬೆಚ್ಚಿದ್ದರೆ ಕೈ ಅಲುಗುತ್ತಿತ್ತು. ಬೆಚ್ಚಲಿಲ್ಲ. ಗುಂಡಿಯಿಂದ ಬೆರಳು ತೆಗೆದಳು, ಬ್ಲೇಡ್ ಪೂರ್ತಿ ನಿಲ್ಲುವವರೆಗೂ ಗರಗಸವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಮೇಲೆತ್ತಿದಾಗ ಬ್ಲೇಡ್ ತನ್ನ ಗೂಡಿಗೆ ಸರಿಯಿತು. ಬ್ಯಾಟರಿ ಕಳಚಿ ಪಕ್ಕಕ್ಕಿಟ್ಟು, ಇಯರ್ ಮಫ್ ಕತ್ತಿಗಿಳಿಸಿ, ಆಮೇಲೆ ತಿರುಗಿದಳು.

"ತಲೆ ಕೆಟ್ಟಿದೆಯಾ ನಿಂಗೆ?"

ಎದುರಿಗೆ ಊರಿನ ಹುಡುಗ ಸೆಮಿಸಿ. ಇಸ್ತ್ರಿ ಮಾಡಿದ ಅಂಗಿ, ಉಟ್ಟ ಪಂಚೆಯ ಮೇಲೆ ಇಲ್ಲಿನವರು ಹಬ್ಬಕ್ಕೆಂದು ಸೊಂಟಕ್ಕೆ ಸುತ್ತುವ ಹೆಣೆದ ಚಾಪೆ, ಕೈಯಲ್ಲಿ ಕೊಚ್ಚಿದ ಎಳನೀರು.

"ಬೆಳಿಗ್ಗೆಯಿಂದ ಕರೀತಾನೇ ಇದೀನಿ. ಒಂದ್ಸಲಾನಾದ್ರೂ ತಿರುಗಿ ನೋಡಿದ್ಯಾ? ಆಕ್ಲೆಂಡಲ್ಲಿದ್ದು ಬಂದೋರಿಗೆ ನಾವೆಲ್ಲ ಕಾಣ್ಸಲ್ವೇನೋ ಅಂದ್ಕೊಂಡೆ."

"ಕಿವಿಗೆ ಇದನ್ನ ಹಾಕಿದ್ರೆ ಯಾರು ಕರೆದ್ರೂ ಕೇಳ್ಸಲ್ಲ ಮಾರಾಯ. ಮಾತಾಡ್ಬೇಕಾ, ಸುತ್ತು ಹಾಕ್ಕೊಂಡು ಎದುರಿಗೆ ಬಾ, ಕೈ ಬೀಸು. ಗರಗಸ ಓಡ್ತಿರೋವಾಗ ಮಾತ್ರ ನನ್ನ ಮುಟ್ಬೇಡ."

"ನಿಂತಾಗ ಮುಟ್ಟಬಹುದಾ?"

ಕಲೀಸಿ ಅವನ ಕೈಯಿಂದ ಎಳನೀರು ಕಿತ್ತುಕೊಂಡು, ಎತ್ತಿ ಗಟಗಟ ಕುಡಿದಳು. ತುಟಿಯಂಚಿಗೆ ಬಂದ ನಗೆ ಅಲ್ಲೇ ಮರೆಯಾಯಿತು.

ಹಿಂದಿನ ಚಂಡಮಾರುತದಲ್ಲಿ ಸಮುದ್ರ ಈ ಚರ್ಚಿನೊಳಗೇ ನುಗ್ಗಿತ್ತು. ಉಪ್ಪುನೀರು ಕುಡಿದ ನೆಲ ಅರ್ಧಕ್ಕರ್ಧ ಕೊಳೆತುಹೋಗಿತ್ತು. ಆಕ್ಲೆಂಡಿನಲ್ಲಿರುವ ಊರಿನವರು ಮರ ಕಳಿಸಿ, ಅದರ ಜೊತೆಗೆ ಬಡಗಿ ಕೆಲಸ ಬಲ್ಲ ಕಲೀಸಿಯನ್ನೂ ಕಳಿಸಿದ್ದರು. ಅವಳ ಅಜ್ಜಿ ಲೋಸೆಯ ಮನೆ ಚರ್ಚಿನ ಹಿಂದೆಯೇ ಇತ್ತು. ವವಾಉ ದ್ವೀಪಸಮೂಹದ ಈ ಮೂಲೆಯ ದ್ವೀಪಕ್ಕೆ ವಿದ್ಯುತ್ ತಂತಿ ಇನ್ನೂ ಬಂದಿಲ್ಲ. ಶಾಲೆಯ ಸೋಲಾರ್ ಫಲಕದಲ್ಲಿ ಬ್ಯಾಟರಿ ತುಂಬಿಸಿ, ಅದರಲ್ಲೇ ಅವಳು ಕೊಳೆತ ನೆಲವನ್ನು ಬಿಚ್ಚುತ್ತಿದ್ದಳು.

ಸೆಮಿಸಿ ಮರುದಿನ ಚಾಪೆ ಬಿಟ್ಟು, ಬಿಗಿಯಾದ ಚಡ್ಡಿ ತೊಟ್ಟು ಸಹಾಯಕ್ಕೆ ಬಂದ. ಅವಳನ್ನು "ಮೇಸ್ತ್ರಿ" ಎಂದೇ ಕರೆದ. ಹಲಗೆ ಹೊತ್ತ, ಮೊಳೆ ಕಿತ್ತ, ಅವಳ ಕೂದಲಿಗೆ ಹತ್ತಿದ ಮರದ ಪುಡಿಯನ್ನು ದೂರದಿಂದಲೇ ಊದುವಂತೆ ನಟಿಸಿದ.

"ಅವನು ಹಾಡೋದು ಕೇಳಿದ್ಯಾ ಕೂಸೇ?" ಎಂದಳು ಅಜ್ಜಿ, ಕೆಸುವಿನೆಲೆಗೆ ತೆಂಗಿನಹಾಲು ಸುರಿಯುತ್ತಾ.

"ಕಿವಿ ಮುಚ್ಕೊಂಡಿರೋದೇ ನನ್ನ ಕೆಲ್ಸ ಅಜ್ಜಿ."

ಶುಕ್ರವಾರ ಒಂದು ಅವಘಡ ನಡೆಯಿತು. ಕಲೀಸಿ ಉದ್ದದ ಹಲಗೆಯೊಂದನ್ನು ಕೊಯ್ಯುತ್ತಿದ್ದಳು. ಸೆಮಿಸಿ ಸುತ್ತಿಗೆ ತರಲೆಂದು ಹೊರಟವನು ಅರಿವಿಲ್ಲದೆ ಅದೇ ಹಲಗೆಯ ತುದಿ ಮೆಟ್ಟಿದ. ಹಲಗೆ ಜಗ್ಗಿತು, ಕೊಯ್ದ ಸೀಳು ಮುಚ್ಚಿ ಬ್ಲೇಡನ್ನು ಕಚ್ಚಿಕೊಂಡಿತು. ಗರಗಸ ಒದ್ದಂತೆ ಹಿಂದಕ್ಕೆ ಹಾರಿತು.

ಅವಳು ಯಾವತ್ತೂ ಕೊಯ್ತದ ನೇರಕ್ಕೆ ಕೂರುತ್ತಿರಲಿಲ್ಲ. ಪಕ್ಕಕ್ಕೆ ಸರಿದೇ ಮಂಡಿಯೂರುತ್ತಿದ್ದಳು. ಗರಗಸ ಅವಳ ತೊಡೆಯ ಪಕ್ಕದಲ್ಲೇ ಹಾದು ನಿಂತಿತು. ಎರಡೂ ಕೈ ಹಿಡಿಯ ಮೇಲೇ ಇದ್ದವು, ಬ್ಲೇಡ್ ಗೂಡು ಸೇರಿತ್ತು.

ಸೆಮಿಸಿಯ ಮುಖ ಬಿಳಿಚಿತ್ತು. "ಕಲೀಸಿ..." ಮೊದಲ ಸಲ ಹೆಸರು ಹಿಡಿದು ಕರೆದ.

"ಹೊರಗೆ ಹೋಗು," ಎಂದಳು ಅವಳು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಹೆದರಿಕೆಯಾಗಿತ್ತು. ಅದು ಅವನಿಗೆ ತಿಳಿಯುವುದು ಬೇಕಿರಲಿಲ್ಲ.

ಬ್ಯಾಟರಿ ಕಿತ್ತಿಟ್ಟು, ತೆರೆದ ನೆಲದಿಂದ ಕೆಳಗಿಳಿದು, ತೊಲೆಗಳ ನಡುವಿನ ಮರಳಿನ ಮೇಲೆ ಅಂಗಾತ ಮಲಗಿದಳು. ತೊಲೆ ಪರೀಕ್ಷೆ ಎಂಬುದು ನೆಪ. ಅಳಲು ಒಂದು ಜಾಗ ಬೇಕಿತ್ತು.

ಸಂಜೆಯ ಹಾಡಿನ ಅಭ್ಯಾಸಕ್ಕೆ ಜನ ಸೇರಿದರು. ಗಟ್ಟಿಯಿದ್ದ ಅರ್ಧ ನೆಲದ ಮೇಲೆ ಬರಿಗಾಲುಗಳು ಸರಿದಾಡಿದವು. ಆಮೇಲೆ ಸದ್ದಡಗಿತು.

ಮೊದಲು ಅವಳಿಗೆ ಕೇಳಿಸಿದ್ದು ಕಿವಿಗಲ್ಲ, ಅಂಗೈಗೆ. ಹಿಡಿದಿದ್ದ ತೊಲೆ ಮೆಲ್ಲನೆ ನಡುಗಿತು. ಅದರ ಹಿಂದೆಯೇ ಬಂತು ಒಬ್ಬ ಗಂಡಸಿನ ಕೆಳದನಿ. ಹವಳದ ದಿಬ್ಬದಾಚೆ ಏಳುವ ದೊಡ್ಡ ಅಲೆಯ ಹಾಗೆ, ಅವಸರವಿಲ್ಲದೆ. ಉಳಿದ ದನಿಗಳು ಒಂದೊಂದಾಗಿ ಅದರ ಮೇಲೇರಿದವು. ಹೆಂಗಸರ ದನಿ ಸೂರಿಗೆ ತಾಗಿತು. ಆದರೆ ಎಲ್ಲವನ್ನೂ ಹೊತ್ತಿದ್ದು ಆ ಒಂದೇ ದನಿ. ಮರ ಅದನ್ನು ಕುಡಿದು, ಅವಳ ಬೆನ್ನಿನ ಕೆಳಗಿನ ಮರಳಿಗೂ ದಾಟಿಸಿತು. ಎದೆಗೂಡಿನ ಒಂದೊಂದು ಎಲುಬೂ ಅದಕ್ಕೆ ಓಗೊಟ್ಟಿತು.

ಕಲೀಸಿಗೆ ಅಜ್ಜಿ ಕೇಳಿದ್ದ ಪ್ರಶ್ನೆ ನೆನಪಾಯಿತು. ಇಷ್ಟು ದೊಡ್ಡದನ್ನು ಒಳಗಿಟ್ಟುಕೊಂಡ ಮನುಷ್ಯ ಇಷ್ಟು ದಿನ ತನಗಾಗಿ ಮೊಳೆ ಹೆಕ್ಕುತ್ತಿದ್ದನೇ?

ಜನ ಚದುರಿದ ಮೇಲೆ ಹೊರಬಂದಳು. ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ನೀರಿನ ಮೇಲೆ ಕೊನೆಯ ಕೆಂಪು ಬೆಳಕಿತ್ತು.

"ನಾಳೆಯಿಂದ ನಾನು ಬರಲ್ಲ ಮೇಸ್ತ್ರಿ. ನಿನ್ನ ಕಾಲೇ ಹೋಗ್ಬಿಡ್ತಿತ್ತು."

"ಹೋಗ್ಲಿಲ್ವಲ್ಲ." ಅವಳು ಪಕ್ಕದಲ್ಲಿ ಕೂತಳು. "ಆ ಕೆಳದನಿ ನಿಂದೇ ಅಲ್ವಾ?"

ಅವನು ತಲೆ ತಗ್ಗಿಸಿ ಹೂಂ ಅಂದ. ಆಮೇಲೆ ಕೇಳಿದ: "ಸೋಮವಾರದ ದೋಣಿಗೆ ಹೋಗ್ತೀಯಾ?"

"ಹೋಗ್ಬೇಕು. ಅಲ್ಲಿ ಕೆಲ್ಸ ಕಾಯ್ತಿದೆ."

"ನಾನು ಹೋಗ್ಬೇಡ ಅಂದ್ರೆ?"

ಅವನ ಕಣ್ಣಲ್ಲಿ ತುಂಟತನದ ಸುಳಿವೂ ಇರಲಿಲ್ಲ. ಅದನ್ನು ನೋಡಲಾರದೆ ಅವಳು ಸಮುದ್ರದ ಕಡೆ ತಿರುಗಿದಳು. "ನಾಳೆ ಬೇಗ ಬಾ. ಹಲಗೆ ಮೆಟ್ಬೇಡ, ಅಷ್ಟೇ."

ಶನಿವಾರ ಸಂಜೆಗೆ ನೆಲ ಮುಗಿಯಿತು. ಭಾನುವಾರ ಇಡೀ ದ್ವೀಪ ಬಿಳಿಬಟ್ಟೆ ಉಟ್ಟು ಅದರ ಮೇಲೆ ನಿಂತು ಹಾಡಿತು. ಒಂದು ಹಲಗೆಯೂ ಕಿರುಗುಟ್ಟಲಿಲ್ಲ. ಕಲೀಸಿಯ ಕಣ್ಣೀರು ಮಾತ್ರ ನಿಲ್ಲಲಿಲ್ಲ.

"ಏನಾಯ್ತೇ?" ಅಜ್ಜಿ ಪಿಸುಗುಟ್ಟಿದಳು.

"ಇವನನ್ನ ಬಿಟ್ಟು ಹೋಗೋಕೆ ನನ್ನಿಂದಾಗಲ್ಲ ಅಜ್ಜಿ."

"ಅದನ್ನ ನಂಗ್ಯಾಕೆ ಹೇಳ್ತೀಯಾ? ನಾನೇನು ನಿನ್ನ ಮದ್ವೆ ಆಗ್ಲಾ?"

ಪ್ರಾರ್ಥನೆ ಮುಗಿದದ್ದೇ ಅವಳು ಜನರ ನಡುವೆ ದಾರಿ ಮಾಡಿಕೊಂಡು, ಗಂಡಸರ ಸಾಲಿನ ಮುಂದೆ ಹೋಗಿ ನಿಂತಳು. ಇಡೀ ಚರ್ಚು ನೋಡುತ್ತಿತ್ತು.

"ಸೆಮಿಸಿ, ನಾನು ಹೋಗಲ್ಲ. ಶಾಲೆ ಸೂರು ನೋಡಿದೀನಿ, ಅದೂ ಕೊಳೆತಿದೆ. ಅದರ ಕೆಲ್ಸ ಮುಗಿದ್ಮೇಲೂ ನಾನು ಹೋಗಲ್ಲ. ಗೊತ್ತಾಯ್ತಾ?"

ಸೆಮಿಸಿ ಬಾಯಿ ತೆರೆದ. ಒಂದು ಸ್ವರವೂ ಹೊರಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅಜ್ಜಿ ಗಟ್ಟಿಯಾಗಿ ಮೂಗೊರೆಸಿಕೊಂಡಳು, ಅವನು ಇನ್ನೂ ಹಾಗೆಯೇ ನಿಂತಿದ್ದ, ಕಣ್ತುಂಬ ಅವಳನ್ನೇ ನೋಡುತ್ತಾ.