ಹಿಂದೆ ನಿಂತು ಕೂಗಿದವರು ಯಾರು?

ಆಗಸ್ಟ್ ತಿಂಗಳ ಎರಡನೆಯ ಶುಕ್ರವಾರ, ಬೆಳಗಿನ ಎಂಟು ಗಂಟೆ. ಥಾರ್ನ್‌ಬೆಕ್ ಠಾಣೆಯ ಬಾಗಿಲನ್ನು ದೂಡಿಕೊಂಡು ಬಂದ ವಿಲ್ಫ್ರೆಡ್ ಹಾರ್‌ಗ್ರೀವ್ಸ್ ಮಳೆಕೋಟನ್ನೂ ಕೊಡವದೆ ಮೇಜನ್ನು ಗುದ್ದಿದರು.

“ದೂರು ಬರ್ಕೊಳ್ಳಿ ಮೇಡಂ. ನನ್ನ ಕ್ಯಾರವಾನ್ ದೀಪಗಳನ್ನ ಯಾರೋ ಬೇಕಂತ ಕೆಡಿಸಿದಾರೆ. ಯಾರು ಅಂತಾನೂ ಗೊತ್ತು. ಪಕ್ಕದ ಮನೆ ಕ್ಲೈವ್ ಸಟ್‌ಕ್ಲಿಫ್!”

ಇನ್ಸ್‌ಪೆಕ್ಟರ್ ಮಾರ್ಜೋರಿ ಬಿಂಕ್ಸ್ ಲೇಖನಿ ತೆರೆದರು. ಹಿಂದೆಯೇ ಬಂದ ಕಾನ್‌ಸ್ಟೆಬಲ್ ಡೀನ್ ತ್ವೈಟ್ ನಗುವನ್ನು ತಡೆದುಕೊಂಡು ವರದಿ ಒಪ್ಪಿಸಿದ. ಠಾಣೆಯೆದುರಿನ ಕೂಡುರಸ್ತೆಯಲ್ಲಿ ಕ್ಯಾರವಾನೆಂಬ ಗಾಲಿಮನೆಯನ್ನು ಎಳೆದು ತರುತ್ತಿದ್ದ ಕಾರನ್ನು ತಡೆದವನು ಅವನೇ. ಎಡಕ್ಕೆ ತಿರುಗುವ ಸೂಚನೆ ಕೊಟ್ಟರೆ ಕ್ಯಾರವಾನಿನ ಬೆನ್ನಿನ ದೀಪಗಳೆಲ್ಲ ಮಂಕಾಗಿ ಮಿಣುಕುತ್ತಿದ್ದವು. ಬ್ರೇಕ್ ಒತ್ತಿದರೆ ಬಲಗಡೆಯ ದೀಪ ಕಣ್ಣು ಹೊಡೆಯುತ್ತಿತ್ತು. ಅಂಥ ಗಾಡಿಯನ್ನು ಮುಂದೆ ಬಿಡಲು ಕಾನೂನು ಒಪ್ಪದು.

“ಕ್ಲೈವ್‌ಗೆ ಇದರಿಂದ ಏನು ಲಾಭ?”

“ಮಧ್ಯಾಹ್ನ ಹನ್ನೆರಡರೊಳಗೆ ಸಮುದ್ರದಂಡೆ ಮೈದಾನ ಸೇರದಿದ್ರೆ ನನ್ನ ಇಪ್ಪತ್ತೈದನೇ ಫಲಕ ಹೋಯ್ತು! ಇಪ್ಪತ್ನಾಲ್ಕು ವರ್ಷ ಕ್ಯಾರವಾನ್ ಕೂಟ ಒಂದನ್ನೂ ತಪ್ಪಿಸಿಲ್ಲ, ಸಲಕ್ಕೊಂದು ಫಲಕ. ಕ್ಲೈವ್ ಹತ್ರಾನೂ ಇಪ್ಪತ್ನಾಲ್ಕೇ ಇರೋದು. ಈಗ ಗೊತ್ತಾಯ್ತಾ?”

ತುಂತುರಿನಲ್ಲೇ ಸ್ಥಳ ಮಹಜರು ಆರಂಭವಾಯಿತು. ಕಾರಿಗೆ ಸಿಕ್ಕಿಸಿದ್ದ ಕ್ಯಾರವಾನಿನ ಪ್ಲಗ್ ಕಿತ್ತು ನೋಡಿದಾಗ ಕಾರಿನ ದೀಪಗಳು ನಿರ್ದೋಷಿಗಳೆಂದು ಸಾಬೀತಾಯಿತು. ಡೀನ್ ಹಿಂದಿನ ಬಲ್ಬುಗಳನ್ನು ಒಂದೊಂದಾಗಿ ತೆಗೆದು ಒರೆಸಿದ, ಒಂದೂ ಸುಟ್ಟಿರಲಿಲ್ಲ. ಫ್ಯೂಸುಗಳೂ ಕ್ಷೇಮವಾಗಿದ್ದವು.

“ಒಂದು ದೀಪ ಕೆಟ್ಟರೆ ಬಲ್ಬು ನೋಡ್ಬೇಕು ಡೀನ್. ಎಲ್ಲಾ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಆಡಿದ್ರೆ ಅರ್ತಿಂಗ್ ನೋಡ್ಬೇಕು,” ಎಂದ ಬಿಂಕ್ಸ್ ಪ್ಲಗ್ಗನ್ನು ಬಿಚ್ಚಿಸಿದರು.

ಅನುಮಾನ ನಿಜವಾಯಿತು. ಎಲ್ಲ ದೀಪಗಳಿಗೂ ಸೇರಿದ ಬಿಳಿಯ ಅರ್ತಿಂಗ್ ತಂತಿ ತನ್ನ ಹಿಡಿತದಿಂದ ಜಾರಿ ನೇತಾಡುತ್ತಿತ್ತು. ಉಳಿದ ಸ್ಕ್ರೂಗಳಿಗೆ ಹಸಿರು ಕಿಲುಬು ಕಟ್ಟಿತ್ತು. ಇದೊಂದರ ತಲೆ ಮಾತ್ರ ಈಚೆಗೆ ಗೀರಿದಂತೆ ಹೊಳೆಯುತ್ತಿತ್ತು. ಅದರ ಸೀಳಿನಲ್ಲಿ ಏನೋ ಅಂಟಂಟು. ಬಿಂಕ್ಸ್ ಮೂಸಿ ನೋಡಿದರು.

“ಕಿತ್ತಳೆ ಜಾಮ್.”

“ಕ್ಲೈವ್ ದಿನಾ ಅದನ್ನೇ ತಿನ್ನೋದು!” ವಿಲ್ಫ್ರೆಡ್ ಕುಣಿದರು.

“ಇಡೀ ಯಾರ್ಕ್‌ಶೈರೇ ತಿನ್ನುತ್ತೆ ಸಾರ್,” ಎಂದ ಡೀನ್, ತಂತಿಯನ್ನು ಬಿಗಿಮಾಡುತ್ತ.

ಅಷ್ಟರಲ್ಲಿ ಹಾರನ್ನೊಂದು ಉಲ್ಲಾಸದಿಂದ ಮೊಳಗಿತು. ಆರೋಪಿಯೇ ತನ್ನ ಕ್ಯಾರವಾನನ್ನು ಎಳೆದುಕೊಂಡು ಬಂದು ನಿಂತಿದ್ದ.

“ಏನು ವಿಲ್ಫ್, ಈ ಸಲ ಕೂಟ ಪೊಲೀಸ್ ಠಾಣೆಯಲ್ಲಾ?”

“ಇಳೀರಿ ಮಿಸ್ಟರ್ ಸಟ್‌ಕ್ಲಿಫ್,” ಎಂದರು ಬಿಂಕ್ಸ್. “ನಿನ್ನೆ ಸಂಜೆ ಎಲ್ಲಿದ್ರಿ?”

“ನನ್ನ ಕಿಟಕಿ ಹತ್ರ. ಇವನು ದೀಪ ಪರೀಕ್ಷೆ ಮಾಡೋದನ್ನ ನೋಡ್ತಿದ್ದೆ. ನಮ್ಮ ಬೀದೀಲಿ ಅದಕ್ಕಿಂತ ಒಳ್ಳೆ ನಾಟಕ ಇಲ್ಲ.”

“ಆಗ ದೀಪಗಳು ಸರಿಯಿದ್ವಾ?”

“ಸರಿಯಾ? ಕ್ರಿಸ್‌ಮಸ್ ಮರದ ಹಾಗೆ ಮಿಣುಕ್ತಿದ್ವು! ನಕ್ಕು ನಕ್ಕು ಚಹಾ ಚೆಲ್ಕೊಂಡೆ.”

“ಹೇಳಲಿಲ್ಲ ಯಾಕೆ?”

“ಇಪ್ಪತ್ತೈದನೇ ಫಲಕ ಮೇಡಂ. ನಾನೇನು ಸಂತನಾ?”

ಬಿಂಕ್ಸ್ ನಿಧಾನವಾಗಿ ದೂರುದಾರರತ್ತ ತಿರುಗಿದರು.

“ಪರೀಕ್ಷೆ ಮಾಡಿದಾಗ ಪೆಡಲ್ ಒತ್ತಿದ್ದು ಯಾರು?”

“ನಾನೇ. ಎಲ್ಲಾ ಸರಿಯಾಗಿತ್ತು.”

“ಒಳಗೆ ಕೂತವರಿಗೆ ಹಿಂದಿನ ದೀಪ ಕಾಣಲ್ಲ. ಹಿಂದೆ ನಿಂತು ‘ಸರಿಯಿದೆ’ ಅಂತ ಕೂಗಿದ್ದು ಯಾರು?”

ವಿಲ್ಫ್ರೆಡ್ ತಮ್ಮ ಕ್ಯಾರವಾನಿನತ್ತ ಕಣ್ಣು ಹೊರಳಿಸಿದರು.

ಕ್ಯಾರವಾನಿನ ಬಾಗಿಲು ತೆರೆಯಿತು. ಕೈಯಲ್ಲಿ ಚಹಾದ ತಟ್ಟೆ ಹಿಡಿದು ಅವರ ಪತ್ನಿ ಎನಿಡ್ ಇಳಿದು ಬಂದರು.

“ಆರಿಹೋಗೋಕೆ ಮುಂಚೆ ಕುಡೀರಿ,” ಎಂದರು. “ಕೂಗಿದ್ದೂ ನಾನೇ, ಸ್ಕ್ರೂ ಸಡಿಲ ಮಾಡಿದ್ದೂ ನಾನೇ. ಜಾಮ್ ಸವರೋ ಚಾಕೂಲಿ.”

“ಎನಿಡ್! ಯಾಕೆ?”

“ಈ ಸಲ ನಾನು ಓಡಿಸ್ತೀನಿ ಅಂದೆ. ನೀನೇನಂದೆ ವಿಲ್ಫ್? ‘ಗಾಡಿ ಓಡ್ಸೋದು ತಲೆ ಇರೋರ ಕೆಲಸ, ಹಿಂದೆ ನಿಂತು ಕೂಗೋದು ಯಾರಿಗಾದ್ರೂ ಬರುತ್ತೆ’ ಅಂದೆ. ಯಾರಿಗಾದ್ರೂ ಬರುತ್ತೋ ಇಲ್ವೋ ತೋರಿಸೋಣ ಅನ್ನಿಸ್ತು.”

“ಅಪಘಾತ ಆಗಿದ್ರೆ?” ಬಿಂಕ್ಸ್ ಅವರ ದನಿ ಗಡುಸಾಯಿತು.

“ನಮ್ಮ ಮನೆ ಆ ಮೂಲೇಲೇ ಇರೋದು ಮೇಡಂ. ಈ ಪೊಲೀಸ್ ಹುಡುಗ ದಿನಾ ಬೆಳಗ್ಗೆ ಇಲ್ಲೇ ನಿಂತಿರ್ತಾನೆ, ಮುಂದೆ ಹೋಗೋಕೆ ಬಿಡಲ್ಲ ಅಂತ ಗೊತ್ತಿತ್ತು. ಆದ್ರೂ ತಪ್ಪು ತಪ್ಪೇ. ಕರ್ಕೊಂಡು ಹೋಗಿ.”

ಎಲ್ಲರೂ ದೂರುದಾರರ ಮುಖ ನೋಡಿದರು. ವಿಲ್ಫ್ರೆಡ್ ಮೊದಲು ಗಡಿಯಾರವನ್ನು ನೋಡಿದರು, ಆಮೇಲೆ ಮಡದಿಯ ನೆನೆದ ತಲೆವಸ್ತ್ರವನ್ನು. ಕಡೆಗೆ ಜೇಬಿನಿಂದ ಕಾರಿನ ಬೀಗದಕೈ ತೆಗೆದು ಆಕೆಯ ಅಂಗೈಯಲ್ಲಿಟ್ಟರು.

ದೂರು ಹಿಂಪಡೆಯಲಾಯಿತು. ತಪ್ಪೊಪ್ಪಿಕೊಂಡ ಆರೋಪಿಯನ್ನು ಕಾನ್‌ಸ್ಟೆಬಲ್ ತ್ವೈಟ್ ಸಾಕ್ಷಿಗಳ ಸಮಕ್ಷಮ ತೋಳು ಹಿಡಿದು ಕರೆದೊಯ್ದು ಚಾಲಕನ ಆಸನದಲ್ಲಿ ಕೂರಿಸಿದ. ಇಂಥ ಬಂಧನ ಆ ಠಾಣೆಯ ಚರಿತ್ರೆಯಲ್ಲಿ ಮೊದಲನೆಯದು.

“ಹೊರಡೋಕೆ ಮುಂಚೆ ದೀಪ ಪರೀಕ್ಷೆ ಆಗ್ಲೇಬೇಕು,” ಎಂದರು ಬಿಂಕ್ಸ್.

ಮಳೆ ಜೋರಾಯಿತು. ಇಪ್ಪತ್ನಾಲ್ಕು ಬೇಸಿಗೆಗಳಲ್ಲಿ ಎನಿಡ್ ನಿಂತಿದ್ದ ಜಾಗದಲ್ಲಿ, ಕತ್ತಿನೊಳಗೆ ನೀರಿಳಿಯುತ್ತಿರಲು, ವಿಲ್ಫ್ರೆಡ್ ನಿಂತರು.

“ಎಡ, ಸರಿಯಿದೆ!”

“ಕೇಳಿಸಲಿಲ್ಲ,” ಎಂಬ ದನಿ ಚಾಲಕನ ಆಸನದಿಂದ ಬಂತು. “ಇನ್ನೊಂದ್ಸಲ ಜೋರಾಗಿ ಕೂಗು, ಚಿನ್ನಾ!”