ಇನ್ನೂರು ಮೀಟರಿಗಿಂತ ಹತ್ತಿರ

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಅಮೆರಿಕದ ಮೊಂಟಾನಾದ ಬಯಲಲ್ಲಿರೋ ನಮ್ಮ ಹವಾಮಾನ ಕೇಂದ್ರದಲ್ಲಿ, ಚಾವಣಿಯ ಗಾಜಿನ ಮೂಲಕ ಲೇಸರ್ ಕಿರಣವನ್ನು ಆಕಾಶಕ್ಕೆ ಬಿಟ್ಟು ಗಾಳಿಯ ತೇವ ಅಳೆಯುತ್ತೇವೆ. ಜನವರಿಯಲ್ಲಿ ಗಾಳಿ ಒಣಗಿ ಹೋಗಿರುತ್ತದೆ. ಆದರೂ ಸೋಮವಾರ ಮಧ್ಯಾಹ್ನ ಎಂಟುನೂರು ಮೀಟರ್ ಮೇಲೆ ಏನೋ ತೇವ ನಿಮಿಷಕ್ಕೊಮ್ಮೆ ಮೂಡಿ ಆರುತ್ತಿತ್ತು, ಯಾರೋ ನಿಧಾನವಾಗಿ ಉಸಿರಾಡಿದ ಹಾಗೆ. ಮಂಗಳವಾರ ಅದು ಐನೂರಕ್ಕೆ ಇಳಿಯಿತು.

ಜೊತೆಗೆ ಕೆಲಸ ಮಾಡುವ ವರ್ನಾ ನಕ್ಕಳು. “ಇಳೀಲಿ ಬಿಡು ಕರ್ಟ್. ಇನ್ನೂರು ಮೀಟರಿಗಿಂತ ಹತ್ತಿರ ಬಂದ್ರೆ ನಮ್ಮ ಯಂತ್ರಕ್ಕೆ ಕಾಣ್ಸೋದೇ ಇಲ್ಲ, ತಲೆನೋವು ತಪ್ಪುತ್ತೆ.”

ನಿನ್ನೆ ಅದು ಇನ್ನೂರ ಹತ್ತರಲ್ಲಿತ್ತು. ಇವತ್ತು ತೆರೆಯ ಮೇಲೆ ಏನೂ ಇಲ್ಲ, ವರ್ನಾ ನಗುತ್ತಲೂ ಇಲ್ಲ. ಚಾವಣಿಯ ಗಾಜು ಮಾತ್ರ ನಿಮಿಷಕ್ಕೊಮ್ಮೆ ಹೊರಗಿನಿಂದ ಮಬ್ಬಾಗಿ ಮತ್ತೆ ತಿಳಿಯಾಗುತ್ತಿದೆ.

ಮೇಲೆ ಹತ್ತಿ ಅದನ್ನು ಒರೆಸುವ ಸರದಿ ಇವತ್ತು ನನ್ನದು.